‘ಸ್ಪೀಡ್ ಇಲ್ಲ’ ಎಂಬುದು ದೂರೇ ಅಲ್ಲ

ಕಳೆದ ಮಳೆಗಾಲದಲ್ಲಿ ನಮ್ಮ ಶಾಲೆಯ ರಕ್ಷಕ ಶಿಕ್ಷಕ ಸಂಘದ ಸಭೆ ನಡೆಯಿತು. ಉಚ್ಚಯೂಟ, ಸಮವಸ್ತ್ರ, ಶೌಚಾಲಯದ ಬಾಗಿಲು ಎಲ್ಲ ಮುಗಿದ ಮೇಲೆ ಇಂಟರ್ನೆಟ್ಟಿನ ವಿಷಯ ಬಂತು. "ನೆಟ್ಟಿಗೆ ಸ್ಪೀಡೇ ಇಲ್ಲವಂತೆ ಮಾಷ್ಟ್ರೇ, ಮಕ್ಕಳು ಹೇಳ್ತಾರೆ. ವಿಡಿಯೋ ಹಾಕಿದರೆ ಚಕ್ರ ತಿರುಗುದು ಮಾತ್ರ" ಎಂದರು ಒಬ್ಬರು. ಹೌದು ಎಂದೆವು. ಕಂಪೆನಿಯವರಿಗೆ ಫೋನ್ ಮಾಡಿದ್ದೆವು, ಇನ್ನೂ ದೊಡ್ಡ ಪ್ಲಾನ್ ಹಾಕಿಸಿ ಅಂದಿದ್ದಾರೆ, ತಿಂಗಳಿಗೆ ಐನೂರು ರೂಪಾಯಿ ಹೆಚ್ಚಾಗುತ್ತದೆ ಎಂದೂ ಹೇಳಿದೆವು. ಹಿಂದಿನ ಬೆಂಚಿನಿಂದ ಒಬ್ಬ ಹಿರಿಯರು, "ಎಂತ ಮಾಡುದು, ಗಡಿನಾಡಲ್ವಾ, ನಮ್ಮದು ಯಾವಾಗಲೂ ಹೀಗೇ" ಎಂದರು. ಎಲ್ಲರೂ ತಲೆಯಾಡಿಸಿದರು. ನಾವು ಅಧ್ಯಾಪಕರೂ ತಲೆಯಾಡಿಸಿದೆವು.

ಆ ತಲೆಯಾಡಿಸಿದ್ದು ತಪ್ಪು ಎಂದು ಹೇಳುವುದಕ್ಕೇ ಈ ಬರಹ.

ನಮ್ಮ ವಾದ ಇಷ್ಟೇ. ‘ಸ್ಪೀಡ್ ಇಲ್ಲ’ ಎನ್ನುವುದು ದೂರಲ್ಲ, ನಿಟ್ಟುಸಿರು. ಎಲ್ಲಿಂದ ಎಲ್ಲಿಯವರೆಗೆ ಇಲ್ಲ, ಎಷ್ಟು ಹೊತ್ತಿಗೆ ಇಲ್ಲ, ಎಷ್ಟಿರಬೇಕಿತ್ತು, ಎಷ್ಟಿದೆ ಎಂದು ಅಳೆದು ಹೇಳಿದರೆ ಮಾತ್ರ ಅದು ದೂರು. ಅಳೆಯದೆ ಹಣ ಕೊಡುವುದು ಮೂರ್ಖತನ. ಅಳೆಯದೆ ‘ಗಡಿನಾಡು’ ಎಂದು ಅಳುವುದು ಅದಕ್ಕಿಂತಲೂ ಕೆಟ್ಟದ್ದು, ಏಕೆಂದರೆ ನಿಜವಾಗಿ ಅನ್ಯಾಯವಾದ ದಿನ ನಮ್ಮ ಮಾತಿಗೆ ಬೆಲೆ ಇರುವುದಿಲ್ಲ.

ಇದೇನು ಕಂಪ್ಯೂಟರ್ ಹುಚ್ಚಿನವರ ವಿಷಯ ಎಂದು ಪುಟ ಮುಚ್ಚಬೇಡಿ. 2020ರ ಜೂನ್ 1ರಂದು ಕೇರಳದಲ್ಲಿ ‘ಫಸ್ಟ್ ಬೆಲ್’ ತರಗತಿಗಳು ಶುರುವಾದದ್ದು ನೆನಪಿದೆಯಲ್ಲ? ಮಲಯಾಳ ಮಾಧ್ಯಮದ ಮಕ್ಕಳು ಮನೆಯ ಟಿ.ವಿ.ಯಲ್ಲಿ ವಿಕ್ಟರ್ಸ್ ಚಾನೆಲ್ ನೋಡಿ ಪಾಠ ಕೇಳಿದರು. ಕನ್ನಡದ ಪಾಠಗಳು ನಮ್ಮ ಮಕ್ಕಳಿಗೆ ಮುಖ್ಯವಾಗಿ ಸಿಗುತ್ತಿದ್ದದ್ದು ಯೂಟ್ಯೂಬಿನಲ್ಲಿ. ಅಂದರೆ ನೆಟ್ ನಿಧಾನವಾದರೆ ಅವರಿಗೆ ಬರೇ ತೊಂದರೆ, ನಮ್ಮವರಿಗೆ ಪಾಠವೇ ಇಲ್ಲ. ಅಂದಿನಿಂದ ಇಂದಿನವರೆಗೆ ಕನ್ನಡ ಮಾಧ್ಯಮದ ಮಗುವಿಗೆ ತನ್ನ ಭಾಷೆಯ ಪಠ್ಯ, ವಿಡಿಯೋ, ಹಳೆಯ ಪ್ರಶ್ನೆಪತ್ರಿಕೆ ಹೆಚ್ಚಾಗಿ ಆ ತಂತಿಯ ಮೂಲಕವೇ ಬರಬೇಕು. ಪೇಟೆಯ ಅಂಗಡಿಯಲ್ಲಿ ಮಲಯಾಳ ಗೈಡು ಸಿಕ್ಕಷ್ಟು ಸುಲಭದಲ್ಲಿ ಕನ್ನಡದ್ದು ಸಿಗುವುದಿಲ್ಲ. ಆದ್ದರಿಂದ ಆ ತಂತಿ ನಮಗೆ ಶೋಕಿಯ ವಸ್ತುವಲ್ಲ.

ಇರಲಿ, ಕಥೆಗೆ ಬರುತ್ತೇವೆ. ನಮ್ಮದು ಕಾಸರಗೋಡಿನ ಒಳಭಾಗದ ಒಂದು ಅನುದಾನಿತ ಯು.ಪಿ. ಶಾಲೆ. ಇಂಟರ್ನೆಟ್ ಬರುವುದು ಕೇಬಲ್ ಟಿ.ವಿ.ಯ ತಂತಿಯಲ್ಲೇ. ಪ್ಲಾನು 40 ಎಂಬಿಪಿಎಸ್. ಫೋನಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ ಮೇಲಿನ ತರಗತಿಯಲ್ಲಿ 2, ಕೆಲವೊಮ್ಮೆ 3. ಕಂಪೆನಿಯ ಹುಡುಗ ಬಂದ, ಹತ್ತು ನಿಮಿಷ ಇದ್ದ, "ರೌಟರ್ ಹಳೆಯದು, ಹೊಸದು ತೆಗೀರಿ" ಎಂದು ಹೋದ. ಕಾಲ್ ಸೆಂಟರಿನವರು ಪ್ಲಾನ್ ಏರಿಸಿ ಎಂದರು. ಕೂಡಲೇ ಎರಡಕ್ಕೂ ಹಣ ಕೂಡಿಸಲು ಹೊರಟವರು ನಾವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಹಾಗೆ.

ತಡೆದವರು ಇಬ್ಬರು ಹುಡುಗಿಯರು. ನಮ್ಮಲ್ಲೇ ಏಳನೆಯವರೆಗೆ ಕಲಿತು ಹತ್ತಿರದ ಹೈಸ್ಕೂಲಿನಲ್ಲಿ ‘ಲಿಟ್ಲ್ ಕೈಟ್ಸ್’ ಸೇರಿದವರು. (2018ರಲ್ಲಿ ಕೇರಳದ ಹೈಸ್ಕೂಲುಗಳಲ್ಲಿ ಶುರುವಾದ ಐಟಿ ಕ್ಲಬ್ ಅದು.) ಅವರಲ್ಲೊಬ್ಬಳು ಕೇಳಿದ ಪ್ರಶ್ನೆ: "ಟೀಚರ್, ಸ್ಪ್ರಿಂಕ್ಲರ್ ತಿರುಗದಿದ್ದರೆ ಅಪ್ಪ ಮೊದಲು ಹೊಸ ಪಂಪ್ ತೆಗೀತಾರಾ?"

ಅಡಿಕೆ ತೋಟ ಇರುವವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ. ತೋಟದ ಕೊನೆಯಲ್ಲಿ ಸ್ಪ್ರಿಂಕ್ಲರ್ ತಿರುಗದಿದ್ದರೆ ನಾವು ಪಂಪಿನಿಂದ ಹೊರಟು ಪೈಪಿನುದ್ದಕ್ಕೂ ನಡೆಯುತ್ತೇವೆ. ಪಂಪಿನ ಬಾಯಲ್ಲಿ ನೀರು ಸರಿ ಉಂಟೋ? ಗೇಟ್‌ವಾಲ್ವಿನಲ್ಲಿ? ಮೊದಲ ಸಾಲಿನಲ್ಲಿ? ಎಲ್ಲಿಯವರೆಗೆ ಸರಿ, ಎಲ್ಲಿಂದ ಸರಿಯಿಲ್ಲ ಎಂದು ತಿಳಿದರೆ ಒಡೆದ ಜಾಗ ಆ ಎರಡರ ನಡುವೆಯೇ ಇರಬೇಕು. ಓದು ಬರಹ ಬಾರದ ನಮ್ಮ ಅಜ್ಜಂದಿರಿಗೆ ಗೊತ್ತಿದ್ದ ಕ್ರಮ. ಮಾಡದವರು ಬಿ.ಎಡ್. ಮಾಡಿದ ನಾವು.

ಅದೇ ಕ್ರಮದಲ್ಲಿ ನಡೆದೆವು. ಮೋಡೆಮ್ ಎಂದರೆ ಹೊರಗಿನ ಕೇಬಲ್ಲಿನಿಂದ ಬರುವ ಸಂಕೇತವನ್ನು ಕಂಪ್ಯೂಟರಿಗೆ ಅರ್ಥವಾಗುವಂತೆ ಮಾಡುವ ಪೆಟ್ಟಿಗೆ. ರೌಟರ್ ಎಂದರೆ ಅದನ್ನು ಹತ್ತು ಯಂತ್ರಗಳಿಗೆ ಹಂಚುವ ಪೆಟ್ಟಿಗೆ. ವೈಫೈ ಎಂದರೆ ಹಂಚುವ ದಾರಿ. ಮೂರೂ ಬೇರೆ ಬೇರೆ. ಮೂರನ್ನೂ ಸೇರಿಸಿ ‘ನೆಟ್ಟು’ ಎಂದು ಕರೆದದ್ದೇ ನಮ್ಮ ಮೊದಲ ತಪ್ಪು. (ಕೆಲವು ಕಡೆ ಎರಡೂ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಆಗ ವೈಫೈ ಆರಿಸಿ, ತಂತಿ ಹಾಕಿ ನೋಡಬೇಕು.)

ರೌಟರನ್ನು ಪಕ್ಕಕ್ಕಿಟ್ಟು ಲ್ಯಾಪ್‌ಟಾಪನ್ನು ತಂತಿಯಿಂದ ನೇರ ಮೋಡೆಮ್ಮಿಗೆ ಜೋಡಿಸಿದೆವು. ನೆಟ್ ಬರಲೇ ಇಲ್ಲ! ಗಾಬರಿಯಾಯಿತು. ಆಮೇಲೆ ತಿಳಿಯಿತು, ಕೇಬಲ್ ಮೋಡೆಮ್ ತಾನು ಮೊದಲು ಕಂಡ ಯಂತ್ರವನ್ನೇ ನೆನಪಿಟ್ಟುಕೊಂಡು ಕೂತಿರುತ್ತದೆ. ಯಂತ್ರ ಬದಲಿಸಿದಾಗ ಮೋಡೆಮನ್ನು ಒಂದೆರಡು ನಿಮಿಷ ಆರಿಸಿ ಮತ್ತೆ ಹಾಕಬೇಕು. ಹಾಗೆ ಮಾಡಿದೆವು. ಬಂದದ್ದು 7 ಎಂಬಿಪಿಎಸ್. ಪ್ಲಾನು 40, ಮೋಡೆಮ್ಮಿನ ಬಾಯಲ್ಲೇ 7. ಅಂದರೆ ಮುಖ್ಯ ತೊಂದರೆ ರೌಟರಿಗಿಂತ ಮೊದಲೇ ಉಂಟು. ಹೊಸ ರೌಟರ್ ತೆಗೆದಿದ್ದರೆ ಆ ಹಣ ಪಳ್ಳಕ್ಕೆ. 100ರ ಪ್ಲಾನ್ ಹಾಕಿಸಿದ್ದರೂ ಹಾಗೆಯೇ. ಒಡೆದ ಪೈಪಿಗೆ ದೊಡ್ಡ ಪಂಪು.

ಮುಂದೆ ಮೋಡೆಮ್ಮಿನದೇ ಪುಟ. ಬ್ರೌಸರಿನಲ್ಲಿ 192.168.100.1 ಎಂದು ಹೊಡೆದರೆ ಹೆಚ್ಚಿನ ಕೇಬಲ್ ಮೋಡೆಮ್‌ಗಳು ತಮ್ಮ ಆರೋಗ್ಯದ ಲೆಕ್ಕ ತೋರಿಸುತ್ತವೆ. ನೋಡಬೇಕಾದದ್ದು ಮೂರೇ ಸಂಖ್ಯೆ. ಮೊದಲನೆಯದು, ಬರುವ ಸಂಕೇತದ ಬಲ. ಇದು −7ರಿಂದ +7 ಡಿಬಿಎಂವಿ ನಡುವೆ ಇದ್ದರೆ ಒಳ್ಳೆಯದು. −15, +15 ಎಂಬುದು ಮಾನದಂಡದ ಕೊನೆಯ ಗಡಿ. ನಮ್ಮದು −13. ಎರಡನೆಯದು, ಸಂಕೇತಕ್ಕೂ ಗದ್ದಲಕ್ಕೂ ಇರುವ ಅಂತರ. ಜಿಂಕ್ ಶೀಟಿನ ಮೇಲೆ ಮಳೆ ಹೊಯ್ಯುವಾಗ ಪಾಠ ಮಾಡಿದವರಿಗೆ ಇದು ಗೊತ್ತು: ನಮ್ಮ ಧ್ವನಿ ಎಷ್ಟಿದೆ ಎನ್ನುವುದಲ್ಲ, ಮಳೆಯ ಸದ್ದಿಗಿಂತ ಎಷ್ಟು ಮೇಲಿದೆ ಎನ್ನುವುದು ಮುಖ್ಯ. ಇದು 33 ಡೆಸಿಬೆಲ್‌ಗಿಂತ ಮೇಲಿರಬೇಕು. ನಮ್ಮದು 27. ಮೂರನೆಯದು, ಮೋಡೆಮ್ ಆಚೆಗೆ ಕಳುಹಿಸುವ ಸಂಕೇತದ ಬಲ. 50 ಡಿಬಿಎಂವಿ ದಾಟಿತೆಂದರೆ ಕೇಳಿಸದ ಕಿವಿಗೆ ಮೋಡೆಮ್ ಕಿರುಚಿಕೊಳ್ಳುತ್ತಿದೆ ಎಂದರ್ಥ. ನಮ್ಮದು 53.

ಮೂರೂ ಸಂಖ್ಯೆ ಒಂದೇ ಮಾತು ಹೇಳಿದವು: ತಂತಿಯಲ್ಲಿ ಸೋರಿಕೆ. ತಂತಿಯ ಹಿಂದೆ ಹೋದೆವು. ಆಫೀಸಿನ ಕಿಟಕಿಯ ಮೇಲೆ ಧೂಳು ಹಿಡಿದ ಒಂದು ಸ್ಪ್ಲಿಟರ್, ನಾಲ್ಕು ಬಾಯಿಯದ್ದು. ಒಂದು ಕಾಲದಲ್ಲಿ ಕೆಳಗಿನ ತರಗತಿಗೆ ವಿಕ್ಟರ್ಸ್ ತೋರಿಸಲೆಂದು ಹಾಕಿಸಿದ್ದು. ಆ ಟಿ.ವಿ. ಗುಜರಿಗೆ ಹೋಗಿ ವರ್ಷಗಳಾದವು, ಸ್ಪ್ಲಿಟರ್ ಉಳಿದಿತ್ತು. ನಾಲ್ಕು ಬಾಯಿಯ ಸ್ಪ್ಲಿಟರ್ ಸುಮಾರು 7 ಡೆಸಿಬೆಲ್ ತಿನ್ನುತ್ತದೆ, ಅಂದರೆ ಒಂದೊಂದು ಬಾಯಿಗೆ ನಾಲ್ಕರಲ್ಲೊಂದು ಪಾಲೂ ಬರುವುದಿಲ್ಲ. ಬಳಸದ ಮೂರು ಬಾಯಿಗಳು ತೆರೆದೇ ಇದ್ದವು. ಹೊರಗೋಡೆಯ ಮೇಲಿನ ಕನೆಕ್ಟರಿನಲ್ಲಿ ಮಳೆನೀರು ಇಳಿದು ಹಸಿರು ಕಿಲುಬು ಕಟ್ಟಿತ್ತು. ಕಂಪೆನಿಯ ಹುಡುಗ ಎರಡು ಸಲ ಬಂದಿದ್ದ. ಒಂದು ಸಲವೂ ತಲೆಯೆತ್ತಿ ಕಿಟಕಿಯ ಮೇಲೆ ನೋಡಿರಲಿಲ್ಲ. ನಾವಾದರೂ ದಿನಾ ಅದರ ಕೆಳಗೇ ಕೂತು ಹಾಜರಿ ಬರೆಯುತ್ತಿದ್ದೆವು!

ಹುಡುಗನನ್ನು ಮತ್ತೆ ಕರೆಸಿ, ಮೂರು ಸಂಖ್ಯೆ ಬರೆದ ಚೀಟಿ ಕೈಗೆ ಕೊಟ್ಟೆವು. ಆ ಚೀಟಿ ನೋಡಿದ ಮೇಲೆ ಅವನ ಮಾತಿನ ಧಾಟಿಯೇ ಬೇರೆ. ಸ್ಪ್ಲಿಟರ್ ತೆಗೆದ, ಕೇಬಲ್ಲಿನ ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದ, ನೀರು ಇಳಿಯದಂತೆ ತಂತಿಯನ್ನು ಬಾಗಿಸಿ ಕಟ್ಟಿದ. −13 ಇದ್ದದ್ದು −4 ಆಯಿತು, 27 ಇದ್ದದ್ದು 35, 53 ಇದ್ದದ್ದು 44. ಮೋಡೆಮ್ಮಿನ ಬಾಯಲ್ಲಿ 37 ಎಂಬಿಪಿಎಸ್. ಖರ್ಚು ಒಂದು ಕನೆಕ್ಟರ್.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮೇಲಿನ ತರಗತಿಯಲ್ಲಿ ಆಗಲೂ 4 ಮಾತ್ರ! ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಹಾಗೆ. ಇದಕ್ಕೆ ಕಂಪೆನಿಯ ಮೇಲೆ ಗೂಬೆ ಕೂರಿಸುವಂತಿಲ್ಲ. ಕಳ್ಳರ ಭಯಕ್ಕೆ ರೌಟರನ್ನು ಕಬ್ಬಿಣದ ಕಪಾಟಿನೊಳಗೆ ಇಟ್ಟು ಬೀಗ ಹಾಕಿದವರು ನಾವೇ. ಕಬ್ಬಿಣದ ಪೆಟ್ಟಿಗೆಯಿಂದ ರೇಡಿಯೋ ಅಲೆ ಹೊರಗೆ ಬರಬೇಕಂತೆ, ಎರಡು ಮುರಕಲ್ಲಿನ ದಪ್ಪ ಗೋಡೆ ದಾಟಬೇಕಂತೆ, ಮಹಡಿ ಹತ್ತಬೇಕಂತೆ! ಹೊರಗೆ ತೆಗೆದು ಎತ್ತರದಲ್ಲಿಟ್ಟಾಗ 15ಕ್ಕೆ ಏರಿತು. ಅಕ್ಕಪಕ್ಕದ ವೈಫೈಗಳೆಲ್ಲ ಒಂದೇ ಚಾನೆಲಿನಲ್ಲಿ ಮಾತಾಡುತ್ತಿದ್ದವು. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲುಗಳು 1, 6, 11 ಮಾತ್ರ; ಖಾಲಿ ಇದ್ದದ್ದಕ್ಕೆ ಬದಲಿಸಿದೆವು. ಕೊನೆಗೆ ಮೇಲಿನ ತರಗತಿಗೆ ತಂತಿಯನ್ನೇ ಎಳೆಸಿದೆವು. ಪ್ರೊಜೆಕ್ಟರಿನ ಕಂಪ್ಯೂಟರಿಗೆ ಈಗ 37.

ಅಂದ ಹಾಗೆ, ಅದೇ ದಿನ ಇನ್ನೂ ಎರಡು ನಮ್ಮದೇ ತಪ್ಪು ಕಂಡೆವು. ರೌಟರಿನ ಪಾಸ್‌ವರ್ಡು ಬಂದ ದಿನದ ‘ಅಡ್ಮಿನ್’ ಆಗಿಯೇ ಇತ್ತು, ವೈಫೈಯಲ್ಲಿ ಶಾಲೆಗೆ ಸಂಬಂಧವೇ ಇಲ್ಲದ ನಾಲ್ಕು ಫೋನುಗಳಿದ್ದವು. ಆಫೀಸಿನ ಒಂದು ಫೋನು ಫೋಟೋಗಳನ್ನೆಲ್ಲ ಸದಾ ಮೇಲೆ ಕಳುಹಿಸುತ್ತಿತ್ತು. ಕಳುಹಿಸುವ ದಾರಿ ತುಂಬಿದರೆ ಬರುವ ದಾರಿಯೂ ತಡವರಿಸುತ್ತದೆ, ಏಕೆಂದರೆ ‘ಬಂತು, ಮುಂದಿನದು ಕೊಡು’ ಎಂಬ ಉತ್ತರವೂ ಅದೇ ದಾರಿಯಲ್ಲಿ ಹೋಗಬೇಕು.

ಈಗ ನಮ್ಮ ಜಗಳ ಯಾರ ಮೇಲೆ ಎಂದು ಹೇಳುತ್ತೇವೆ.

ಮೊದಲು ಕಂಪೆನಿಗಳ ಮೇಲೆ. ‘ಪ್ಲಾನ್ ಏರಿಸಿ’ ಎನ್ನುವುದು ಪರಿಹಾರವಲ್ಲ, ವ್ಯಾಪಾರ. 40 ಕೊಡುತ್ತೇವೆಂದು ಹಣ ತೆಗೆದುಕೊಂಡು 7 ಕೊಟ್ಟವರಿಗೆ 100 ಮಾರಲು ಯಾವ ಹಕ್ಕಿದೆ? ಟ್ರಾಯ್ 2006ರಲ್ಲಿ ಮಾಡಿದ ಗುಣಮಟ್ಟದ ನಿಯಮದಲ್ಲೇ, ಕಂಪೆನಿಯ ನೋಡ್‌ನಿಂದ ಗ್ರಾಹಕನವರೆಗೆ ಒಪ್ಪಿಕೊಂಡ ವೇಗದ ಶೇ. 80ಕ್ಕಿಂತ ಹೆಚ್ಚು ಸಿಗಬೇಕು ಎಂದಿತ್ತು. 2024ರಲ್ಲಿ ಅದರ ಜಾಗಕ್ಕೆ ಹೊಸ ನಿಯಮಾವಳಿ ಬಂದಿದೆ. ಇನ್ನೊಂದು ಮಾತು: ದೇಶದಲ್ಲಿ ‘ಬ್ರಾಡ್‌ಬ್ಯಾಂಡ್’ ಎಂದು ಕರೆಸಿಕೊಳ್ಳಲು 2004ರ ನೀತಿಯಂತೆ 256 ಕಿಲೋಬಿಟ್ ಸಾಕಿತ್ತು, 2023ರಿಂದ ಕನಿಷ್ಠ 2 ಮೆಗಾಬಿಟ್ ಬೇಕು. ನಮ್ಮ ಮೇಲಿನ ತರಗತಿಯ ಮಕ್ಕಳು ಆ ಕನಿಷ್ಠದ ಅಂಚಿನಲ್ಲಿ ಕೂತಿದ್ದರು, ಶಾಲೆ ಹಣ ಕೊಡುತ್ತಿದ್ದದ್ದು 40ಕ್ಕೆ.

ಎಲ್ಲ ತಪ್ಪೂ ಗ್ರಾಹಕರದ್ದೇ ಎಂದು ನಾವು ಹೇಳುತ್ತಿಲ್ಲ. ನಮ್ಮ ಅಧ್ಯಾಪಕರೊಬ್ಬರ ಮನೆಗೂ ಅದೇ ಲೈನು. ಅವರು ತಂತಿ ಹಾಕಿ ಏಳು ದಿನ ಬೆಳಿಗ್ಗೆ 7 ಗಂಟೆಗೆ, ರಾತ್ರಿ 9 ಗಂಟೆಗೆ ಅಳೆದು ಬರೆದಿಟ್ಟರು. ಬೆಳಿಗ್ಗೆ 36, 37. ರಾತ್ರಿ 9, 8, 10. ಸಂಕೇತದ ಮೂರು ಸಂಖ್ಯೆಗಳು ಎರಡೂ ಹೊತ್ತು ಸರಿಯಾಗಿಯೇ ಇದ್ದವು. ಕೇಬಲ್ ಇಂಟರ್ನೆಟ್ ಎಂದರೆ ಒಂದು ಪ್ರದೇಶದ ಮನೆಗಳೆಲ್ಲ ಒಂದೇ ತಂತಿಯ ಸಾಮರ್ಥ್ಯವನ್ನು ಹಂಚಿಕೊಳ್ಳುವುದು. ಮಿತಿಗಿಂತ ಹೆಚ್ಚು ಮನೆ ಸೇರಿಸಿದರೆ ರಾತ್ರಿ ಎಲ್ಲರಿಗೂ ಚೂರುಪಾರು. ಇದು ಅಪ್ಪಟ ಕಂಪೆನಿಯ ತಪ್ಪು, ಅದೂ ಮಕ್ಕಳು ಹೋಂವರ್ಕ್ ಮಾಡುವ ಹೊತ್ತಿನಲ್ಲಿ. ಹದಿನಾಲ್ಕು ಅಳತೆಯ ಆ ಪಟ್ಟಿಯೊಡನೆ ದೂರು ಕೊಟ್ಟು ಡಾಕೆಟ್ ನಂಬರ್ ತೆಗೆದುಕೊಂಡೆವು. ಉತ್ತರ ಸರಿಯಿಲ್ಲದಿದ್ದರೆ ಕಂಪೆನಿಯ ಮೇಲ್ಮನವಿ ಅಧಿಕಾರಿಗೆ ಹೋಗುತ್ತೇವೆ ಎಂದೂ ಬರೆದೆವು. ಆ ಎರಡು ಹಂತವೂ ಟ್ರಾಯ್ ನಿಯಮದಲ್ಲೇ ಉಂಟು. ಮೂರನೆಯ ವಾರ ರಾತ್ರಿಯ 9 ಎಂಬುದು 25 ಆಯಿತು. ಏನು ಮಾಡಿದರೆಂದು ಅವರು ಹೇಳಲಿಲ್ಲ. ಈ ಹಿಂದೆ ಎರಡು ವರ್ಷ ಫೋನಿನಲ್ಲಿ ‘ಸ್ಪೀಡ್ ಇಲ್ಲ’ ಎಂದು ಗೋಳಾಡಿದಾಗ ಆಗದ್ದು ಒಂದು ಹಾಳೆಯಿಂದ ಆಯಿತು.

ಎರಡನೆಯ ಜಗಳ ನಮ್ಮವರ ಮೇಲೆಯೇ. "ಹಣ ಕೊಡುವವರು ನಾವು, ಇದನ್ನೆಲ್ಲ ನಾವೇಕೆ ಕಲಿಯಬೇಕು?" ಎಂದು ಕೇಳುವವರಿದ್ದಾರೆ. ಸ್ವಾಮೀ, ಕಂಬ ಹತ್ತಿ ಎಂದು ಯಾರೂ ಹೇಳಲಿಲ್ಲ. ಹತ್ತಲೂ ಬೇಡಿ, ಅದು ಅವರ ಕೆಲಸ, ಅಪಾಯವೂ ಹೌದು. ಆದರೆ ತಕ್ಕಡಿ ನೋಡಲು ಬಾರದವನಿಗೆ ಅಡಿಕೆ ಮಂಡಿಯಲ್ಲಿ ಏನಾಗುತ್ತದೆಂದು ನಿಮಗೇ ಗೊತ್ತು. 40 ಮೆಗಾಬಿಟ್ ಎಂದರೆ ಸೆಕೆಂಡಿಗೆ 5 ಮೆಗಾಬೈಟ್, ಎಂಟರಿಂದ ಭಾಗಿಸಬೇಕು. 200 ಮೆಗಾಬೈಟಿನ ಒಂದು ಪಾಠದ ವಿಡಿಯೋ ಇಳಿಯಲು 40 ಸೆಕೆಂಡು, 3 ಮೆಗಾಬಿಟ್ಟಿನಲ್ಲಾದರೆ ಒಂಬತ್ತು ನಿಮಿಷದ ಹತ್ತಿರ. ಏಳನೆಯ ತರಗತಿಯ ಮಗು ಮಾಡುವ ಲೆಕ್ಕ. ನಾವು ಮಾಡಿರಲಿಲ್ಲ.

ಇನ್ನೊಂದು ಆಕ್ಷೇಪ, "ಇದೆಲ್ಲ ಇಂಗ್ಲಿಷಿನ ವಿಷಯ, ಕನ್ನಡದಲ್ಲಿ ಆಗಲಿಕ್ಕಿಲ್ಲ" ಎಂಬುದು. ಇದು ನಮಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟ ಮಾತು, ಏಕೆಂದರೆ ಹೇಳಿದವರು ಕನ್ನಡ ಶಾಲೆಯ ಅಧ್ಯಾಪಕರು. ಆ ಇಬ್ಬರು ಹುಡುಗಿಯರು ಇಡೀ ವಿಷಯವನ್ನು ಪೈಪು, ಗದ್ದಲ, ಸೋರಿಕೆ, ಕಿಲುಬು ಎಂಬ ಮಾತುಗಳಲ್ಲಿ ನಮಗೆ ಕಲಿಸಿದರು. ಮೋಡೆಮ್, ರೌಟರ್ ಎಂಬ ಶಬ್ದ ಹಾಗೆಯೇ ಇರಲಿ, ಬಸ್ಸು ರೈಲು ಇಲ್ಲವೇ? ತಿಳಿವಳಿಕೆ ಕನ್ನಡದಲ್ಲಿ ಬಂದರೆ ಸಾಕು. ಮಕ್ಕಳಿಗೆ ಕನ್ನಡದಲ್ಲಿ ಪದ್ಯ ಮಾತ್ರ ಕಲಿಸಿ, ಯಂತ್ರ ಕೆಟ್ಟಾಗ ಬೇರೆ ಭಾಷೆಯವರನ್ನು ಕರೆಯಿರಿ ಎಂದರೆ, ಈ ಭಾಷೆ ಕೆಲಸಕ್ಕೆ ಬಾರದ್ದು ಎಂದು ನಾವೇ ಕಲಿಸಿದ ಹಾಗೆ.

ಕೊನೆಯದಾಗಿ ಆ ‘ಗಡಿನಾಡು’ ಎಂಬ ನಿಟ್ಟುಸಿರು. ನಮಗೆ ನಿಜವಾದ ಕಷ್ಟಗಳಿಲ್ಲ ಎಂದು ಹೇಳುವ ಧೈರ್ಯ ನಮಗಿಲ್ಲ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗೆ ಕಳುಹಿಸಿದಾಗ ಬೀದಿಗಿಳಿದವರು ಇದೇ ಮಕ್ಕಳು, ಇದೇ ಹೆತ್ತವರು. ಆ ಹೋರಾಟಕ್ಕೆ ಬಲ ಬರುವುದು ನಮ್ಮ ಮಾತು ಸತ್ಯ ಎಂದು ಎದುರಿನವರಿಗೂ ಗೊತ್ತಿದ್ದಾಗ. ನಮ್ಮದೇ ಕಪಾಟಿನಲ್ಲಿಟ್ಟ ರೌಟರಿಗೂ, ನಮ್ಮದೇ ಕಿಟಕಿಯ ಮೇಲಿನ ಸ್ಪ್ಲಿಟರಿಗೂ ಗಡಿಯನ್ನು ದೂರಿದರೆ ನಾಳೆ ನಿಜವಾದ ದೂರನ್ನೂ "ಇವರದ್ದು ಯಾವಾಗಲೂ ಇದೇ" ಎಂದು ಬದಿಗಿಡುತ್ತಾರೆ. 2019ರ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟು ಫಹೀಮಾ ಶಿರಿನ್ ಪ್ರಕರಣದಲ್ಲಿ, ಇಂಟರ್ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಭಾಗ ಎಂದಿತು. ದೊಡ್ಡ ಮಾತು. ಆದರೆ ಹಕ್ಕು ಕೋರ್ಟಿನಿಂದ ಹೊರಟು ನಮ್ಮ ತರಗತಿಗೆ ಬರಬೇಕಾದದ್ದು ಆ ಕಿಲುಬು ಹಿಡಿದ ಕನೆಕ್ಟರಿನ ಮೂಲಕವೇ ಅಲ್ಲವೇ?

ಕೇಬಲ್ ಜಾಲದಲ್ಲಿ ಇನ್ನೊಂದು ಸಂಗತಿ ಉಂಟು. ಒಂದು ಮನೆಯ ಸಡಿಲ ಕನೆಕ್ಟರಿನಿಂದ, ತೆರೆದಿಟ್ಟ ತುದಿಯಿಂದ ಒಳಗೆ ನುಗ್ಗುವ ಗದ್ದಲ ಆ ಮನೆಗೆ ಮಾತ್ರ ಉಳಿಯುವುದಿಲ್ಲ. ಹಿಂತಿರುಗುವ ದಾರಿಯಲ್ಲಿ ಎಲ್ಲ ಮನೆಗಳ ಗದ್ದಲ ಒಟ್ಟುಗೂಡಿ ಇಡೀ ಪ್ರದೇಶದವರಿಗೆ ಕೇಡಾಗುತ್ತದೆ. ನಮ್ಮ ಶಾಲೆಯ ತೆರೆದ ಮೂರು ಬಾಯಿಗಳು ವರ್ಷಗಟ್ಟಲೆ ಅಕ್ಕಪಕ್ಕದ ಎಷ್ಟು ಮಕ್ಕಳ ಪಾಠ ಕೆಡಿಸಿದವೋ!

ನಿಮ್ಮ ಶಾಲೆಗೆ ಈಗಾಗಲೇ ಫೈಬರ್ ಬಂದಿದ್ದರೆ ಕಿಲುಬಿನ ಕಾಟ ಕಡಿಮೆ, ಆದರೆ ಕ್ರಮ ಅದೇ. ಮೋಡೆಮ್ಮಿನ ಜಾಗದಲ್ಲಿ ಇರುವ ಪೆಟ್ಟಿಗೆಯಲ್ಲಿ ಬೆಳಕಿನ ಬಲ ನೋಡಿ, −27 ಡಿಬಿಎಂ ಹತ್ತಿರ ಇಳಿದಿದ್ದರೆ ಕಂಪೆನಿಯವರನ್ನು ಕರೆಯಿರಿ. ಮೊದಲು ತಂತಿಯಲ್ಲಿ ಅಳೆಯಿರಿ, ಆಮೇಲೆ ವೈಫೈಯಲ್ಲಿ. ಬೆಳಿಗ್ಗೆ ಅಳೆಯಿರಿ, ರಾತ್ರಿ ಅಳೆಯಿರಿ. ಬರೆದಿಡಿ.

ನಮ್ಮ ಮುಂದಿನ ಸಭೆಯಲ್ಲಿ ಹಣ ಸಂಗ್ರಹದ ವಿಷಯ ಬರಲಿಲ್ಲ. ಆ ಹಿರಿಯರು ಮೇಲಿನ ತರಗತಿಗೆ ಹೋಗಿ, ಮಕ್ಕಳು ಕನ್ನಡದ ವಿಜ್ಞಾನ ಪಾಠ ನೋಡುತ್ತಿದ್ದುದನ್ನು ಬಾಗಿಲಲ್ಲಿ ನಿಂತು ನೋಡಿದರು. ಹೊರಡುವಾಗ ಕೇಳಿದರು, "ನಮ್ಮ ಮನೆಯಲ್ಲೂ ಹಾಗೊಂದು ಸ್ಪ್ಲಿಟರ್ ಉಂಟು ಮಾಷ್ಟ್ರೇ, ತೆಗೆಸಬಹುದಾ?"

ತೆಗೆಸಬಹುದು. ತೆಗೆಸುವ ಮೊದಲು ಒಮ್ಮೆ ಅಳೆದು ಬರೆದಿಡಿ ಎಂದೆವು.